ಮೈದಾನದಿಂದ ಸ್ಟಾಫ್ ರೂಮಿನವರೆಗೆ: ಕ್ರೀಡಾ ವಿದ್ಯಾರ್ಥಿಗಳು ಉಪನ್ಯಾಸಕರ ವಿಶ್ವಾಸ ಗಳಿಸುವುದು ಹೇಗೆ?



ಮಳೆ ಸ್ವಲ್ಪ ಬಿಡುವು ಕೊಟ್ಟು ಮೈದಾನದ ಕೆಸರು ಒಣಗತೊಡಗಿದರೆ ನಮ್ಮ ಹಾಜರಾತಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲುಸಾಲಾಗಿ ಕಾಣಿಸಿಕೊಳ್ಳುತ್ತದೆ. ಮೊದಲು ತಾಲೂಕು ಮಟ್ಟದ ಪಂದ್ಯಾಟ, ಅದರ ಬೆನ್ನಿಗೆ ಜಿಲ್ಲಾ ಮಟ್ಟ, ಗೆದ್ದವರಿಗೆ ತರಬೇತಿ ಶಿಬಿರ, ಆಮೇಲೆ ರಾಜ್ಯ ಮಟ್ಟ. ಅಲ್ಲಿಯೂ ಮಿಂಚಿದವರಿಗೆ ರಾಷ್ಟ್ರ ಮಟ್ಟದ ಬಾಗಿಲು. ಕಬಡ್ಡಿ, ವಾಲಿಬಾಲ್, ಥ್ರೋಬಾಲ್, ಫುಟ್‌ಬಾಲ್, ಓಟ, ಎಸೆತ ಹೀಗೆ ನಮ್ಮ ಕಾಲೇಜಿನ ಮಕ್ಕಳು ಊರೂರು ತಿರುಗುವ ಕಾಲ ಇದು. ಕಪ್ ಬಂದರೆ ನಮಗೂ ಹೆಮ್ಮೆ. ಬೆಳಗಿನ ಸಭೆಯಲ್ಲಿ ಚಪ್ಪಾಳೆ ತಟ್ಟುವವರಲ್ಲಿ ನಾವು ಉಪನ್ಯಾಸಕರೂ ಇರುತ್ತೇವೆ.

ಆದರೆ ಚಪ್ಪಾಳೆ ಮುಗಿದ ಮೇಲೆ ಒಂದು ಮಾತು ಉಳಿಯುತ್ತದೆ. ಅದೇ ವಿದ್ಯಾರ್ಥಿ ಜನವರಿಯಲ್ಲಿ ಖಾಲಿ ರೆಕಾರ್ಡ್ ಪುಸ್ತಕ ಹಿಡಿದು ಪ್ರಯೋಗಾಲಯದ ಹೊರಗೆ ನಿಂತಿರುತ್ತಾನೆ. ಒಳಗಿರುವ ಉಪನ್ಯಾಸಕರಿಗೆ ಅವನ ಮುಖ ಗೊತ್ತು, ಹೆಸರು ಸರಿಯಾಗಿ ನೆನಪಿಲ್ಲ. ಅವನಿಗೆ ಉಪನ್ಯಾಸಕರ ಹೆಸರು ಗೊತ್ತು, ಮಾತನಾಡಲು ಧೈರ್ಯವಿಲ್ಲ. ಎರಡು ವರ್ಷ ಒಂದೇ ಕಟ್ಟಡದಲ್ಲಿದ್ದೂ ಅಪರಿಚಿತರಾಗಿ ಉಳಿಯುವ ಈ ಸ್ಥಿತಿ ಹೇಗೆ ಬರುತ್ತದೆ, ಅದನ್ನು ತಪ್ಪಿಸುವುದು ಹೇಗೆ ಎಂಬುದೇ ಈ ಪಾಠದ ವಿಷಯ. ನಾನು ರಸಾಯನಶಾಸ್ತ್ರ ಕಲಿಸುವವನು, ಕ್ರೀಡಾಪಟುವಲ್ಲ. ಆದರೂ ಇದನ್ನು ಬರೆಯಲು ನನಗೊಂದು ಕಾರಣವಿದೆ.

ಮೂರು ಸಲ ಬಂದು ಹಿಂತಿರುಗಿದ ಹುಡುಗ

ಹಲವು ವರ್ಷಗಳ ಹಿಂದೆ ನಾನು ಬೇರೊಂದು ಕಾಲೇಜಿನಲ್ಲಿದ್ದೆ. ಅಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ವಾಲಿಬಾಲ್ ತಂಡದ ಸೆಟ್ಟರ್ ಒಬ್ಬನಿದ್ದ. ಮಿತಭಾಷಿ. ತರಗತಿಯಲ್ಲಿ ಕಿಟಕಿ ಪಕ್ಕದ ಕೊನೆಯ ಬೆಂಚು. ಫಜ್ರ್ ನಮಾಝ್ ಮುಗಿಸಿ ನೇರ ಮೈದಾನಕ್ಕೆ, ಅಲ್ಲಿಂದ ಬೆವರು ಆರುವ ಮೊದಲೇ ಮೊದಲ ಪಿರಿಯಡ್‌ಗೆ. ನನ್ನ ಪಿರಿಯಡ್ ಅದೇ. ಅವನು ತೂಕಡಿಸುತ್ತಿದ್ದ. ನಾನು ಎರಡು ಸಲ ಎಬ್ಬಿಸಿ ನಿಲ್ಲಿಸಿದೆ, ಮೂರನೆಯ ಸಲ ಹೊರಗೆ ಕಳಿಸಿದೆ. ಯಾಕೆ ನಿದ್ದೆ ಎಂದು ಒಮ್ಮೆಯೂ ಕೇಳಲಿಲ್ಲ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅವನು ತಿಂಗಳುಗಟ್ಟಲೆ ಕಾಣಲಿಲ್ಲ. ನನ್ನ ಪುಸ್ತಕದಲ್ಲಿ ಗೈರುಹಾಜರಿ ಬೀಳುತ್ತಲೇ ಹೋಯಿತು. ಅವನು ಶಿಬಿರದಲ್ಲಿದ್ದ ಎಂಬ ಪಟ್ಟಿ ಕಚೇರಿಗೆ ಬಂದೇ ಇರಲಿಲ್ಲ. ಯಾರು ಕಳಿಸಬೇಕಿತ್ತು ಎಂಬುದನ್ನು ಆಮೇಲೆ ಎಲ್ಲರೂ ಒಬ್ಬರ ಮೇಲೊಬ್ಬರು ಹಾಕಿದರು. ಆಟ ಮುಗಿದ ಮೇಲೂ ಅವನು ನಾಲ್ಕಾರು ದಿನ ಬರಲಿಲ್ಲ. ಬಂದ ಮೇಲೆ ಗೆಳೆಯನ ರೆಕಾರ್ಡ್ ನೋಡಿ ತನ್ನದನ್ನು ತುಂಬಿಸಿ ತಂದ. ಟೈಟ್ರೇಶನ್‌ನ ಬ್ಯೂರೆಟ್ ಅಳತೆಗಳು ದಶಮಾಂಶದವರೆಗೆ ಗೆಳೆಯನದ್ದೇ. ನಾನು ಸಹಿ ಹಾಕಲಿಲ್ಲ. ‘ಮಾಡದ ಪ್ರಯೋಗಕ್ಕೆ ಸಹಿ ಕೇಳುತ್ತೀಯಾ?’ ಎಂದು ಎಲ್ಲರ ಮುಂದೆ ಗದರಿದೆ. ಅವನು ಪುಸ್ತಕ ಎತ್ತಿಕೊಂಡು ಹೋದ. ಹಾಜರಾತಿ ಕೊರತೆಯ ಪಟ್ಟಿ ಪ್ರಕಟವಾದಾಗ ಅವನ ಹೆಸರು ಅದರಲ್ಲಿತ್ತು. ಆ ವರ್ಷ ಅವನು ಪರೀಕ್ಷೆ ಬರೆಯಲಿಲ್ಲ. ಮರುವರ್ಷ ಕಾಲೇಜಿಗೂ ಬರಲಿಲ್ಲ, ತಂಡಕ್ಕೂ ಬರಲಿಲ್ಲ.

ನಾಲ್ಕೈದು ವರ್ಷಗಳ ಬಳಿಕ ಒಂದು ಮದುವೆ ಹಾಲ್‌ನಲ್ಲಿ ಸಿಕ್ಕಿದ. ಮೊಬೈಲ್ ಅಂಗಡಿಯಲ್ಲಿ ಕೆಲಸ. ಸಲಾಂ ಹೇಳಿ ಪಕ್ಕದಲ್ಲೇ ಕುಳಿತ. ಊಟದ ನಡುವೆ ನಗುತ್ತಲೇ ಹೇಳಿದ: ‘ಸರ್, ಶಿಬಿರಕ್ಕೆ ಹೋಗುವ ಮೊದಲು ನಿಮಗೆ ಹೇಳಬೇಕು ಅಂತ ಮೂರು ಸಲ ಸ್ಟಾಫ್ ರೂಮಿನ ಬಾಗಿಲಿಗೆ ಬಂದಿದ್ದೆ. ನೀವೆಲ್ಲ ಕೂತು ಮಾತಾಡುತ್ತಿದ್ದಿರಿ. ಒಳಗೆ ಬರಲು ಧೈರ್ಯ ಆಗಲಿಲ್ಲ.’

ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಒಂದು ವರ್ಷ ಕಳೆದುಹೋಗಲು ಅವನ ಆಟ ಕಾರಣವಲ್ಲ, ಅವನ ಬುದ್ಧಿಮಟ್ಟವೂ ಕಾರಣವಲ್ಲ. ಒಂದು ಬಾಗಿಲು ಕಾರಣ. ಅವನು ದಾಟಿ ಒಳಬರಲಿಲ್ಲ, ನಾನು ಎದ್ದು ಹೊರಬರಲಿಲ್ಲ. ಈ ಪಾಠದಲ್ಲಿ ನೀವು ನೆನಪಿಡಬೇಕಾದ ಮಾತು ಒಂದೇ: ನಿಮ್ಮ ಗೈರುಹಾಜರಿಯ ಸುದ್ದಿ ಉಪನ್ಯಾಸಕರಿಗೆ ಹಾಜರಾತಿ ಪುಸ್ತಕದಿಂದ ತಿಳಿಯಬಾರದು, ನಿಮ್ಮ ಬಾಯಿಂದ, ಹೋಗುವ ಮೊದಲೇ ತಿಳಿಯಬೇಕು.

ಲೆಕ್ಕ ಮೊದಲು ನೋಡೋಣ

‘ಆಟಕ್ಕೆ ಹೋದರೆ ಹಾಜರಾತಿ ಹೋಗುತ್ತದೆ’ ಎಂಬ ಹೆದರಿಕೆ ಮಕ್ಕಳಿಗೂ ಹೆತ್ತವರಿಗೂ ಇದೆ. ಪದವಿ ಪೂರ್ವ ಶಿಕ್ಷಣದಲ್ಲಿ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು ಎಂಬುದು ನಿಮಗೆಲ್ಲ ಗೊತ್ತಿದೆ. ಉದಾಹರಣೆಗೆ, ಒಂದು ವಿಷಯಕ್ಕೆ ವಾರಕ್ಕೆ 4 ಪಿರಿಯಡ್, ವರ್ಷಕ್ಕೆ 120 ಪಿರಿಯಡ್ ಎಂದಿಟ್ಟುಕೊಳ್ಳಿ. ಅದರಲ್ಲಿ ಶೇ. 75 ಎಂದರೆ 90. ಅಂದರೆ 30 ಪಿರಿಯಡ್‌ಗಳ ಅವಕಾಶ ಉಳಿಯುತ್ತದೆ.

ಈಗ ಆಟದ ದಿನಗಳನ್ನು ಕೂಡಿಸಿ. ತಾಲೂಕು ಮಟ್ಟಕ್ಕೆ 1 ದಿನ, ಜಿಲ್ಲಾ ಮಟ್ಟಕ್ಕೆ 2 ದಿನ, ಶಿಬಿರಕ್ಕೆ 10 ದಿನ, ರಾಜ್ಯ ಮಟ್ಟಕ್ಕೆ ಪ್ರಯಾಣ ಸೇರಿ 5 ದಿನ. ಒಟ್ಟು 18 ದಿನ, ಎಂದರೆ 3 ವಾರಗಳ ತರಗತಿ. ವಾರಕ್ಕೆ 4ರಂತೆ ಆ ವಿಷಯದಲ್ಲಿ ತಪ್ಪುವುದು 12 ಪಿರಿಯಡ್. ಕ್ರೀಡಾ ರಜೆಯ ಪಟ್ಟಿ ಕಚೇರಿಗೆ ತಲುಪಲೇ ಇಲ್ಲವೆಂದರೂ ಆಟವೊಂದೇ ನಿಮ್ಮನ್ನು ಕೊರತೆಗೆ ತಳ್ಳುವುದಿಲ್ಲ.

ಹಾಗಾದರೆ ತಳ್ಳುವುದು ಯಾವುದು? ಪಂದ್ಯದ ಮಾರನೆಯ ದಿನದ ‘ಸುಸ್ತು’. ಪಂದ್ಯ ಮಧ್ಯಾಹ್ನವಿದ್ದರೂ ಬೆಳಗಿನಿಂದಲೇ ತರಗತಿ ಬಿಡುವುದು. ಬೇರೆ ತಂಡದ ಪಂದ್ಯ ನೋಡಲು ಹೋಗುವುದು. ಹಿಂತಿರುಗಿ ಬಂದಾಗ ಪಾಠ ಅರ್ಥವಾಗದ ಕಾರಣ ಇನ್ನೂ ಎರಡು ದಿನ ತಪ್ಪಿಸಿಕೊಳ್ಳುವುದು. ಅದರ ಮೇಲೆ ಜ್ವರ, ಮನೆಯ ಮದುವೆ. ನನ್ನ ಅನುಭವದಲ್ಲಿ ಆಟಕ್ಕಾಗಿ ಹೋದ ದಿನಗಳಿಗಿಂತ ಆಟದ ಹೆಸರಿನಲ್ಲಿ ಹೋದ ದಿನಗಳೇ ಹೆಚ್ಚು ತೊಂದರೆ ಕೊಟ್ಟಿವೆ. ಇದನ್ನು ಉಪನ್ಯಾಸಕರು ಬಲ್ಲರು. ‘ಮ್ಯಾಚ್ ಇತ್ತು ಸರ್’ ಎಂಬ ಮಾತಿಗೆ ಅವರ ಮುಖ ಬಿಗಿಯಾಗುವುದು ಇದೇ ಕಾರಣಕ್ಕೆ.

ಇನ್ನೊಂದು ಲೆಕ್ಕ ಪಾಠದ್ದು. ಎಲ್ಲ ತಪ್ಪಿದ ತರಗತಿಗಳೂ ಒಂದೇ ತೂಕದವಲ್ಲ. ಭಾಷಾ ವಿಷಯದಲ್ಲಿ ಒಂದು ಪದ್ಯ ತಪ್ಪಿದರೆ ಮುಂದಿನ ಪಾಠ ಅರ್ಥವಾಗದೆ ಹೋಗುವುದಿಲ್ಲ. ಲೆಕ್ಕಶಾಸ್ತ್ರದಲ್ಲಿ ಪಾಲುದಾರನ ಪ್ರವೇಶದ ಅಧ್ಯಾಯ ತಪ್ಪಿದರೆ ಪಾಲುದಾರನ ನಿವೃತ್ತಿಯ ಅಧ್ಯಾಯದಲ್ಲಿ ಕೈಕಾಲು ಆಡುವುದಿಲ್ಲ. ಗಣಿತದಲ್ಲಿ ಅವಕಲನ ಬಿಟ್ಟವನಿಗೆ ಅನುಕಲನ ಗೋಡೆಯಂತೆ ಎದುರಾಗುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್‌ನ ಟೈಟ್ರೇಶನ್ ಇದೆ. ಆಕ್ಸಾಲಿಕ್ ಆಮ್ಲವಾದರೆ ದ್ರಾವಣವನ್ನು ಬಿಸಿ ಮಾಡಬೇಕು. ಬೇರೆ ಸೂಚಕ ಬೇಡ, ಉಳಿದು ನಿಲ್ಲುವ ತೆಳು ಗುಲಾಬಿ ಬಣ್ಣವೇ ಕೊನೆಯ ಬಿಂದು. ಇದನ್ನು ಗೆಳೆಯನ ನೋಟ್ಸ್‌ನಿಂದ ಓದಬಹುದು, ಆದರೆ ಒಂದು ಹನಿ ಹೆಚ್ಚಾದಾಗ ಬಣ್ಣ ಹೇಗೆ ಗಾಢವಾಗುತ್ತದೆ ಎಂಬುದನ್ನು ಕಣ್ಣೇ ಕಲಿಯಬೇಕು. ಲವಣ ವಿಶ್ಲೇಷಣೆಯೂ ಹಾಗೆಯೇ. ಯಾವ ತರಗತಿ ತಪ್ಪಿದರೆ ಹೆಚ್ಚು ನಷ್ಟ ಎಂಬುದನ್ನು ನಿಮಗೆ ಹೇಳಬಲ್ಲವರು ಆ ವಿಷಯದ ಉಪನ್ಯಾಸಕರೇ. ಅದಕ್ಕಾಗಿಯೇ ಅವರೊಡನೆ ಮಾತು ಬೇಕು.

ಹೋಗುವ ಮೊದಲು

ಅಮೆರಿಕದ ಕಾಲೇಜುಗಳಲ್ಲಿ ಕ್ರೀಡೆ ಬಹಳ ದೊಡ್ಡ ವ್ಯವಸ್ಥೆ. ಅಲ್ಲಿ ಎನ್‌ಸಿಎಎ ಎಂಬ ಸಂಸ್ಥೆ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುತ್ತದೆ. ಪಂದ್ಯಗಳ ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ಕ್ರೀಡಾ ಚಟುವಟಿಕೆ ಇರಬಾರದು ಎಂಬ ಮಿತಿ ಅದರ ನಿಯಮಗಳಲ್ಲಿದೆ. ಮೇಲಿನ ದರ್ಜೆಯ ಕಾಲೇಜುಗಳಲ್ಲಿ ಆಡುವವರು ಎರಡನೆಯ ವರ್ಷದ ಕೊನೆಗೆ ಪದವಿಯ ಶೇ. 40, ಮೂರನೆಯ ವರ್ಷದ ಕೊನೆಗೆ ಶೇ. 60, ನಾಲ್ಕನೆಯ ವರ್ಷದ ಕೊನೆಗೆ ಶೇ. 80 ಭಾಗ ಮುಗಿಸಿರಬೇಕು; ಇಲ್ಲವಾದರೆ ಮೈದಾನಕ್ಕಿಳಿಯುವ ಅರ್ಹತೆ ಹೋಗುತ್ತದೆ. ನಮಗೆ ಅಲ್ಲಿಂದ ಕಲಿಯಲು ಒಂದು ಸಣ್ಣ ಸಂಗತಿಯಿದೆ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುರುವಾಗುವಾಗಲೇ ಆಟಗಾರರಿಗೆ ಒಂದು ಪ್ರಯಾಣ ಪತ್ರ ಕೊಡುತ್ತಾರೆ. ಯಾವ ಯಾವ ದಿನ ಪಂದ್ಯಕ್ಕಾಗಿ ತರಗತಿ ತಪ್ಪುತ್ತದೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಆ ಪತ್ರವನ್ನು ಪ್ರಾಧ್ಯಾಪಕರಿಗೆ ತಲುಪಿಸಿ, ತಪ್ಪುವ ಪಾಠ ಮತ್ತು ಪರೀಕ್ಷೆಗಳ ಬಗ್ಗೆ ಮಾತನಾಡಿಕೊಳ್ಳುವ ಹೊಣೆ ಆಟಗಾರರದ್ದು.

ನಮ್ಮಲ್ಲಿ ದಿನಾಂಕಗಳು ಅಷ್ಟು ಮೊದಲೇ ನಿಗದಿಯಾಗುವುದಿಲ್ಲ, ಮಳೆ ಬಂದರೆ ಮುಂದಕ್ಕೂ ಹೋಗುತ್ತವೆ. ಆದರೂ ದಿನಾಂಕ ತಿಳಿದ ದಿನವೇ ಒಂದು ಸಣ್ಣ ಚೀಟಿ ಬರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹೆಸರು, ವಿಭಾಗ, ಯಾವ ಪಂದ್ಯ, ಯಾವ ದಿನದಿಂದ ಯಾವ ದಿನದವರೆಗೆ, ದೈಹಿಕ ಶಿಕ್ಷಣ ಉಪನ್ಯಾಸಕರ ಸಹಿ. ಇಷ್ಟು ಸಾಕು. ಅದನ್ನು ಪ್ರತಿಯೊಬ್ಬ ವಿಷಯ ಉಪನ್ಯಾಸಕರಿಗೂ ಕೈಯಾರೆ ಕೊಡಿ. ನಿಮ್ಮ ಗೆಳೆಯನ ಕೈಯಲ್ಲಿ ಕಳಿಸಬೇಡಿ.

ಏನು ಮಾತನಾಡುವುದು ಎಂಬ ಸಂಕೋಚ ಬೇಡ. ಮೂರು ವಾಕ್ಯ ಸಾಕು:

‘ಸರ್, ಸೋಮವಾರದಿಂದ ಬುಧವಾರದವರೆಗೆ ಜಿಲ್ಲಾ ಮಟ್ಟದ ಪಂದ್ಯಾಟವಿದೆ, ನಾನು ತಂಡದಲ್ಲಿದ್ದೇನೆ. ಆ ಮೂರು ದಿನ ಯಾವ ಪಾಠ ಆಗುತ್ತದೆ, ನಾನು ಮೊದಲೇ ಏನು ಓದಿಕೊಳ್ಳಲಿ? ಗುರುವಾರ ಬಂದು ನಿಮ್ಮನ್ನು ಯಾವಾಗ ಕಾಣಲಿ?’

ಗಮನಿಸಿ, ಇದರಲ್ಲಿ ರಿಯಾಯಿತಿಯ ಬೇಡಿಕೆ ಇಲ್ಲ. ಮೊದಲ ವಾಕ್ಯ ಮಾಹಿತಿ, ಎರಡನೆಯದು ಪಾಠದ ಪ್ರಶ್ನೆ, ಮೂರನೆಯದು ಹಿಂತಿರುಗುವ ಮಾತು. ಇಂತಹ ಮಾತಿಗೆ ಒರಟಾಗಿ ಉತ್ತರಿಸುವ ಉಪನ್ಯಾಸಕರು ವಿರಳ.

ಹೊತ್ತು ನೋಡಿ ಹೋಗಿ. ಪಿರಿಯಡ್‌ಗೆ ಓಡುತ್ತಿರುವವರನ್ನು ಮೆಟ್ಟಿಲಲ್ಲಿ ತಡೆಯಬೇಡಿ. ಶುಕ್ರವಾರ ಜುಮಾ ವಿರಾಮದ ಗಡಿಬಿಡಿಯಲ್ಲಿ ಬೇಡ. ಬೆಳಗಿನ ಸಭೆಗೆ ಹತ್ತು ನಿಮಿಷ ಮೊದಲು ಅಥವಾ ಕೊನೆಯ ಪಿರಿಯಡ್ ಮುಗಿದ ಮೇಲೆ ಒಳ್ಳೆಯದು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮಾತನಾಡುತ್ತಿದ್ದರೆ ಬಾಗಿಲಲ್ಲಿ ನಿಂತು ‘ಒಳಗೆ ಬರಬಹುದೇ?’ ಎಂದು ಕೇಳಿ. ನಾವು ಅಲ್ಲಿ ಮಾತನಾಡುವುದು ಹೆಚ್ಚಾಗಿ ಚಹಾದ ಬಗ್ಗೆ, ಮೌಲ್ಯಮಾಪನದ ಬಗ್ಗೆ, ಬಸ್ಸಿನ ಬಗ್ಗೆ. ನಿಮ್ಮ ಮೂರು ವಾಕ್ಯಗಳಿಂದ ಮುರಿದುಬೀಳುವಂಥ ರಹಸ್ಯ ಮಾತುಕತೆ ಯಾವುದೂ ಅಲ್ಲಿ ನಡೆಯುವುದಿಲ್ಲ.

ವಿದ್ಯಾರ್ಥಿನಿಯರಿಗೆ ಒಂದು ಮಾತು. ಪುರುಷ ಉಪನ್ಯಾಸಕರೊಡನೆ ಮಾತನಾಡಲು ಸಂಕೋಚವಿದ್ದರೆ ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಬನ್ನಿ ಅಥವಾ ನಿಮ್ಮ ತರಗತಿ ಮಾರ್ಗದರ್ಶಿ ಮೇಡಂ ಮೂಲಕ ತಿಳಿಸಿ. ಆದರೆ ತಿಳಿಸದೇ ಇರಬೇಡಿ. ವಾಟ್ಸಾಪ್ ಸಂದೇಶ ನೆನಪಿಸಲು ಒಳ್ಳೆಯದು, ಮೊದಲ ಮಾತಿಗೆ ಅದು ಸಾಲದು. ಬಸ್ ಹತ್ತಿದ ಮೇಲೆ ರಾತ್ರಿ ಹನ್ನೊಂದಕ್ಕೆ ಕಳಿಸಿದ ಸಂದೇಶ ತಿಳಿಸಿದಂತೆ ಆಗುವುದಿಲ್ಲ.

ತರಗತಿಯಲ್ಲಿರುವ ದಿನಗಳಲ್ಲಿ

ವಿಶ್ವಾಸ ಹುಟ್ಟುವುದು ನೀವು ಗೈರಾಗುವ ದಿನಗಳಲ್ಲಿ ಅಲ್ಲ, ಹಾಜರಿರುವ ದಿನಗಳಲ್ಲಿ. ಜೂನ್, ಜುಲೈ ತಿಂಗಳಲ್ಲಿ ಕೊನೆಯ ಬೆಂಚಿನಲ್ಲಿ ಮುಖ ಮರೆಸಿಕೊಂಡವನು ಸೆಪ್ಟೆಂಬರ್‌ನಲ್ಲಿ ಸಹಾಯ ಕೇಳಿದರೆ ಉಪನ್ಯಾಸಕರಿಗೆ ಅವನಾರೆಂದೇ ಗೊತ್ತಿರುವುದಿಲ್ಲ.

ಮುಂದಿನ ಎರಡು ಸಾಲುಗಳಲ್ಲಿ ಕುಳಿತುಕೊಳ್ಳಿ. ನಿದ್ದೆ ತಡೆಯಲೂ ಅದೇ ಮದ್ದು. ಬೆಳಗಿನ ಅಭ್ಯಾಸದ ದಿನಗಳಲ್ಲಿ ಮೊದಲ ಪಿರಿಯಡ್‌ನಲ್ಲಿ ಕಣ್ಣು ಎಳೆಯುತ್ತಿದ್ದರೆ ಅದನ್ನು ಒಮ್ಮೆ ಉಪನ್ಯಾಸಕರಿಗೆ ಹೇಳಿಬಿಡಿ, ನಿಂತು ಬರೆಯಲು ಅನುಮತಿ ಕೇಳಿ. ನನ್ನ ಆ ಸೆಟ್ಟರ್ ಇಷ್ಟು ಹೇಳಿದ್ದರೆ, ಅಥವಾ ನಾನು ಇಷ್ಟು ಕೇಳಿದ್ದರೆ, ಅವನು ಹೊರಗೆ ನಿಲ್ಲುತ್ತಿರಲಿಲ್ಲ.

ವಾರಕ್ಕೊಂದು ಪ್ರಶ್ನೆ ಕೇಳಿ. ‘ಸರ್, ಏನೂ ಅರ್ಥ ಆಗಲಿಲ್ಲ’ ಎಂದರೆ ಯಾರಿಗೂ ಉತ್ತರ ಕೊಡಲಾಗದು. ‘ಈ ಲೆಕ್ಕದ ಮೂರನೆಯ ಹಂತ ಎಲ್ಲಿಂದ ಬಂತು?’ ಎಂದು ಕೇಳಿದರೆ ಎರಡು ನಿಮಿಷದಲ್ಲಿ ಹೇಳಬಹುದು. ಇದು ನಿಮಗೆ ಹೊಸದಲ್ಲ. ‘ನನಗೆ ಆಡಲು ಬರುವುದಿಲ್ಲ’ ಎಂದು ನೀವು ಕೋಚ್‌ಗೆ ಹೇಳುವುದಿಲ್ಲ. ‘ಬ್ಲಾಕ್‌ಗೆ ಏಳುವಾಗ ಹೊತ್ತು ತಪ್ಪುತ್ತಿದೆ’ ಎನ್ನುತ್ತೀರಿ. ಅದೇ ಅಭ್ಯಾಸವನ್ನು ತರಗತಿಗೂ ತನ್ನಿ.

ಜೆರ್ಸಿ ಹಾಕಿಕೊಂಡರೆ ಸಮವಸ್ತ್ರದ ನಿಯಮವಿಲ್ಲ, ಕಪ್ ತಂದವರು ತಡವಾಗಿ ಬರಬಹುದು ಎಂಬ ಭಾವನೆ ಕೆಲವರಲ್ಲಿದೆ. ಒಬ್ಬ ಆಟಗಾರನ ಉಡಾಫೆ ಇಡೀ ತಂಡದ ಲೆಕ್ಕಕ್ಕೆ ಜಮೆಯಾಗುತ್ತದೆ ಎಂಬುದನ್ನು ಮರೆಯಬೇಡಿ.

ಹಿಂತಿರುಗಿದ ಮೇಲೆ

ಅತಿ ಮುಖ್ಯವಾದ ದಿನ ಪಂದ್ಯದ ದಿನವಲ್ಲ, ಹಿಂತಿರುಗಿದ ಮೊದಲ ದಿನ. ಮೈಕೈ ನೋವಿದ್ದರೂ ಅಂದು ತರಗತಿಗೆ ಬನ್ನಿ. ಅದರ ಮಾರನೆಯ ದಿನದೊಳಗೆ ಪ್ರತಿ ಉಪನ್ಯಾಸಕರನ್ನೂ ಒಮ್ಮೆ ಕಾಣಿ. ‘ಬಂದೆ ಸರ್, ಸೆಮಿಫೈನಲ್‌ನಲ್ಲಿ ಸೋತೆವು. ನೋಟ್ಸ್ ಬರೆದುಕೊಂಡಿದ್ದೇನೆ, ಈ ಎರಡು ಕಡೆ ಅನುಮಾನವಿದೆ’ ಎಂದು ಹೇಳಿ. ಗೆದ್ದವರು ಹೇಳಲು ಹಿಂಜರಿಯುವುದಿಲ್ಲ. ಸೋತು ಬಂದಾಗಲೂ ಹೇಳಿ. ನಿಮ್ಮ ಸೋಲನ್ನು ತಿಳಿದ ಉಪನ್ಯಾಸಕರು ನಿಮ್ಮನ್ನು ಬರಿಯ ಕ್ರಮಸಂಖ್ಯೆಯಾಗಿ ನೋಡುವುದಿಲ್ಲ.

ತಪ್ಪಿದ ಪ್ರಯೋಗಗಳನ್ನು ಕೂಡಲೇ ಪಟ್ಟಿ ಮಾಡಿ, ಯಾವ ಬ್ಯಾಚ್‌ನೊಡನೆ ಮಾಡಬಹುದು ಎಂದು ಕೇಳಿ. ಅಕ್ಟೋಬರ್‌ನಲ್ಲಿ ಕೇಳಿದರೆ ಜಾಗವಿರುತ್ತದೆ, ರಾಸಾಯನಿಕವಿರುತ್ತದೆ, ತಾಳ್ಮೆಯೂ ಇರುತ್ತದೆ. ಜನವರಿಯಲ್ಲಿ ಈ ಮೂರೂ ಇರುವುದಿಲ್ಲ. ಪ್ರಯೋಗವಿರುವ ವಿಷಯಗಳಲ್ಲಿ 30 ಅಂಕ ಪ್ರಾಯೋಗಿಕ ಪರೀಕ್ಷೆಗೆ. ಪ್ರಯೋಗವಿಲ್ಲದ ವಿಷಯಗಳಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಕಿರುಪರೀಕ್ಷೆ ತಪ್ಪಿದ್ದರೆ, ಪ್ರಾಜೆಕ್ಟ್ ಬಾಕಿಯಿದ್ದರೆ ನೀವೇ ಹೋಗಿ ಕೇಳಿ, ಅವರು ಕರೆಯಲಿ ಎಂದು ಕಾಯಬೇಡಿ.

ವೃತ್ತಿಶಿಕ್ಷಣದ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆ ಎಂಬ ಆಸೆಯಲ್ಲಿ ಆಡುವವರೂ ಇದ್ದೀರಿ. ಆ ಕೋಟಾದ ಬಾಗಿಲಿಗೆ ಹೋಗಲು ಮೊದಲು ಪಿಯುಸಿ ತೇರ್ಗಡೆಯಾಗಿರಬೇಕು. ಪ್ರಮಾಣಪತ್ರಗಳ ಕಡತ ಎಷ್ಟೇ ದಪ್ಪವಿದ್ದರೂ ಅಂಕಪಟ್ಟಿಯ ಕೆಲಸವನ್ನು ಅದು ಮಾಡದು.

ನಮ್ಮ ರಾಜ್ಯದ ಇಬ್ಬರನ್ನು ನೆನೆಯೋಣ. ಅನಿಲ್ ಕುಂಬ್ಳೆ 1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಅವರಿಗಿನ್ನೂ 20 ತುಂಬಿರಲಿಲ್ಲ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಿಂದ ಮೆಕ್ಯಾನಿಕಲ್ ಪದವಿಯನ್ನೂ ಅವರು ಪಡೆದರು. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು. ಎಂಜಿನಿಯರಿಂಗ್ ಎಂದರೆ ಪ್ರಯೋಗಾಲಯ, ಡ್ರಾಯಿಂಗ್, ರೆಕಾರ್ಡ್, ಪರೀಕ್ಷೆ. ಚೆಂಡು ಎಷ್ಟು ವೇಗವಾಗಿ ಹೋದರೂ ಅವನ್ನು ದಾಟಿಸಿ ಪದವಿ ತಂದುಕೊಡುವುದಿಲ್ಲ.

ಕೇಳಬಾರದ್ದು, ಮಾಡಬಾರದ್ದು

ಅಂಕ ಕೇಳಬೇಡಿ. ಸಮಯ ಕೇಳಿ, ಪಾಠ ಕೇಳಿ, ಇನ್ನೊಂದು ಅವಕಾಶ ಕೇಳಿ. ಇವು ಉಪನ್ಯಾಸಕರು ಕೊಡಬಹುದಾದವು. ಬರೆಯದ ಉತ್ತರಕ್ಕೆ ಅಂಕ, ಮಾಡದ ಪ್ರಯೋಗಕ್ಕೆ ಸಹಿ ಅವರ ಕೈಯ ಸೊತ್ತಲ್ಲ. ಅದು ಅವರ ಬಳಿಯಿರುವ ಅಮಾನತ್. ಕೇಳಿದರೆ ಅವರು ನಿಮ್ಮ ಮುಂದೆ ಚಿಕ್ಕವರಾಗಬೇಕು ಅಥವಾ ನೀವು ಅವರ ಮುಂದೆ ಚಿಕ್ಕವರಾಗಬೇಕು. ಎರಡೂ ಬೇಡ.

ಸುಳ್ಳು ಹೇಳಬೇಡಿ. ಇಲ್ಲದ ಪಂದ್ಯದ ಹೆಸರು ಹೇಳಿ ಒಂದು ದಿನ ಗೆಲ್ಲಬಹುದು. ಉಪನ್ಯಾಸಕರು ದೈಹಿಕ ಶಿಕ್ಷಣ ಸರ್ ಬಳಿ ಚಹಾ ಕುಡಿಯುತ್ತಾ ‘ನಿನ್ನೆ ಮ್ಯಾಚ್ ಹೇಗಾಯಿತು?’ ಎಂದು ಕೇಳುವವರೆಗೆ ಮಾತ್ರ. ಆಮೇಲೆ ನಿಜವಾದ ಪಂದ್ಯಕ್ಕೆ ಹೊರಡುವ ನಿಮ್ಮ ಜೊತೆಗಾರನಿಗೂ ಅನುಮತಿ ಕಷ್ಟ.

ಆಟವನ್ನು ಇಷ್ಟಪಡದ ಉಪನ್ಯಾಸಕರೂ ಇರುತ್ತಾರೆ. ಅವರು ‘ಇಲ್ಲ’ ಎಂದರೆ ಅಲ್ಲೇ ವಾದಕ್ಕೆ ನಿಲ್ಲಬೇಡಿ, ಮನೆಯವರಿಂದ ಕರೆ ಮಾಡಿಸಬೇಡಿ. ‘ಸರಿ ಸರ್’ ಎಂದು ಹೊರಬಂದು ದೈಹಿಕ ಶಿಕ್ಷಣ ಉಪನ್ಯಾಸಕರಿಗೆ ತಿಳಿಸಿ. ಬೇಕಾದರೆ ಅವರು ಪ್ರಾಂಶುಪಾಲರಲ್ಲಿ ಮಾತನಾಡುತ್ತಾರೆ. ಒಮ್ಮೆ ಹೇಳಿದಂತೆ ಹೋಗಿ, ಹೇಳಿದ ದಿನ ಬಂದು, ಹೇಳಿದ ಕೆಲಸ ಮುಗಿಸಿ ತೋರಿಸಿ. ಎರಡನೆಯ ಸಲ ಆ ‘ಇಲ್ಲ’ ಮೊದಲಿನಷ್ಟು ಗಟ್ಟಿಯಾಗಿ ಇರುವುದಿಲ್ಲ.

ಒಂದು ಫೋನ್ ಕರೆಯ ಬೆಲೆ

ಈ ಸಂಬಂಧ ಬರಿಯ ಅಂಕ, ಹಾಜರಾತಿಯ ವಿಷಯವಲ್ಲ ಎಂಬುದಕ್ಕೆ ನಮ್ಮ ಕಾಲೇಜಿನದೇ ಒಂದು ಉದಾಹರಣೆ. ವಾಣಿಜ್ಯ ವಿಭಾಗದ ಥ್ರೋಬಾಲ್ ಆಟಗಾರ್ತಿಯೊಬ್ಬಳು ಪ್ರತಿ ಪಂದ್ಯಕ್ಕೂ ಮೊದಲು ಚೀಟಿ ತರುತ್ತಿದ್ದಳು. ಹಿಂತಿರುಗಿ ಬಂದು ಲೆಕ್ಕಶಾಸ್ತ್ರದ ಮೇಡಂ ಬಳಿ ಮಧ್ಯಾಹ್ನದ ವಿರಾಮದಲ್ಲಿ ಹದಿನೈದು ನಿಮಿಷ ಕೂತು ತಪ್ಪಿದ ಲೆಕ್ಕಗಳನ್ನು ಮಾಡುತ್ತಿದ್ದಳು. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಆ ವಿಷಯದಲ್ಲಿ ಅಂಕ ಕಡಿಮೆ ಬಂತು. ಮನೆಯಲ್ಲಿ ಮಾತು ಮುಗಿದಿತ್ತು: ಇನ್ನು ಆಟ ಬೇಡ. ತಂದೆ ಕಾಲೇಜಿಗೆ ಫೋನ್ ಮಾಡಿ ತಂಡದಿಂದ ಹೆಸರು ತೆಗೆಯಲು ಹೇಳಿದರು.

ಕರೆ ಲೆಕ್ಕಶಾಸ್ತ್ರದ ಮೇಡಂ ಕೈಗೆ ಬಂತು. ಅವರು ಹೇಳಿದ್ದು ಇಷ್ಟೇ: ‘ನಿಮ್ಮ ಮಗಳು ಎಲ್ಲಿ ಹಿಂದೆ ಉಳಿದಿದ್ದಾಳೆ ಎಂಬುದು ನನಗೆ ಗೊತ್ತು, ಅವಳಿಗೂ ಗೊತ್ತು. ಒಂದು ಅಧ್ಯಾಯ. ಅದನ್ನು ದಿನಾ ಬಂದು ಮಾಡುತ್ತಿದ್ದಾಳೆ. ಮುಂದಿನ ಕಿರುಪರೀಕ್ಷೆಯವರೆಗೆ ಸಮಯ ಕೊಡಿ.’ ತಂದೆ ಸಮಯ ಕೊಟ್ಟರು. ಅವಳು ಆ ವರ್ಷ ಪೂರ್ತಿ ಆಡಿದಳು, ಪರೀಕ್ಷೆಯನ್ನೂ ಪಾಸು ಮಾಡಿದಳು.

ಆ ಮೇಡಂ ಯಾವ ನಿಯಮವನ್ನೂ ಸಡಿಲಿಸಲಿಲ್ಲ, ಒಂದು ಅಂಕವನ್ನೂ ಹೆಚ್ಚು ಹಾಕಲಿಲ್ಲ. ತಮಗೆ ಗೊತ್ತಿದ್ದುದನ್ನು ಹೇಳಿದರು. ಅವರಿಗೆ ಗೊತ್ತಿರುವಂತೆ ಮಾಡಿದವಳು ಆ ಹುಡುಗಿ. ನಿಮ್ಮ ಪರವಾಗಿ ಸತ್ಯ ಹೇಳಬಲ್ಲ ಒಬ್ಬ ಉಪನ್ಯಾಸಕರು ಇರಬೇಕಾದರೆ ನಿಮ್ಮ ಸತ್ಯ ಅವರಿಗೆ ಮೊದಲೇ ತಿಳಿದಿರಬೇಕು.

ಸಹೋದ್ಯೋಗಿಗಳಲ್ಲಿ ಒಂದು ವಿನಂತಿ

ಈ ಪತ್ರಿಕೆಯನ್ನು ನಾವೂ ಓದುತ್ತೇವೆ. ಹಾಗಾಗಿ ಎರಡು ಮಾತು ನಮಗೂ. ಸತತ ಮೂರು ದಿನ ಕಾಣದ ವಿದ್ಯಾರ್ಥಿಯ ಬಗ್ಗೆ ದೈಹಿಕ ಶಿಕ್ಷಣ ವಿಭಾಗದಲ್ಲಿ ಒಮ್ಮೆ ವಿಚಾರಿಸುವುದಕ್ಕೆ ಒಂದು ನಿಮಿಷ ಸಾಕು. ತೂಕಡಿಸುವವನನ್ನು ನಿಲ್ಲಿಸುವ ಮೊದಲು ಬೆಳಿಗ್ಗೆ ಎಷ್ಟಕ್ಕೆ ಎದ್ದೆ ಎಂದು ಕೇಳೋಣ. ವರ್ಷಕ್ಕೊಮ್ಮೆಯಾದರೂ ನಮ್ಮ ಮಕ್ಕಳ ಪಂದ್ಯಕ್ಕೆ ಹೋಗಿ ಗೆರೆಯ ಹೊರಗೆ ನಿಲ್ಲೋಣ. ತರಗತಿಯಲ್ಲಿ ತಲೆ ತಗ್ಗಿಸುವ ಹುಡುಗ ಅಲ್ಲಿ ಐವರಿಗೆ ಕೂಗಿ ಸೂಚನೆ ಕೊಡುವುದನ್ನು ನೋಡಿದರೆ ಮರುದಿನ ಅವನಿಗೆ ಪ್ರಶ್ನೆ ಕೇಳುವ ನಮ್ಮ ದನಿಯೇ ಬೇರೆಯಾಗುತ್ತದೆ.

ನಾನು ಆ ಸೆಟ್ಟರ್ ಆಡಿದ್ದನ್ನು ಒಮ್ಮೆಯೂ ನೋಡಲಿಲ್ಲ. ಚೆನ್ನಾಗಿ ಆಡುತ್ತಿದ್ದನಂತೆ.

ಈ ವಾರ ಮಾಡಬೇಕಾದ್ದು

ತಂಡದಲ್ಲಿರುವ ಪ್ರತಿಯೊಬ್ಬರಿಗೂ ಒಂದು ಮನೆಗೆಲಸ. ಒಂದು ಹಾಳೆಯಲ್ಲಿ ನಿಮ್ಮ ವಿಷಯಗಳ ಹೆಸರು ಬರೆಯಿರಿ. ಪ್ರತಿ ವಿಷಯದ ಮುಂದೆ ಮೂರು ಸಂಗತಿ ಬರೆಯಿರಿ: ಈವರೆಗಿನ ನಿಮ್ಮ ಹಾಜರಾತಿ, ಬಾಕಿಯಿರುವ ಪ್ರಯೋಗ ಅಥವಾ ಪ್ರಾಜೆಕ್ಟ್, ಆ ಉಪನ್ಯಾಸಕರೊಡನೆ ನೀವು ಕೊನೆಯ ಸಲ ಮಾತನಾಡಿದ ದಿನ. ಮೂರನೆಯ ಸಾಲು ಎಲ್ಲಿ ಖಾಲಿ ಉಳಿಯುತ್ತದೋ, ನಾಳೆ ಬೆಳಿಗ್ಗೆ ಮೊದಲು ಹೋಗಬೇಕಾದ್ದು ಅಲ್ಲಿಗೇ.

ನನ್ನ ಮೇಜು ಸ್ಟಾಫ್ ರೂಮಿನ ಬಾಗಿಲಿನ ಪಕ್ಕದಲ್ಲೇ ಇದೆ. ಮೊದಲು ಒಳಗಿನ ಕಿಟಕಿಯ ಬಳಿ ಇತ್ತು, ಕೇಳಿ ಇಲ್ಲಿಗೆ ಬದಲಾಯಿಸಿಕೊಂಡಿದ್ದೇನೆ. ಬಾಗಿಲಲ್ಲಿ ಯಾರಾದರೂ ನಿಂತರೆ ಈಗ ಕಾಣಿಸುತ್ತದೆ.

ಎಲ್ಲ ತಂಡಗಳಿಗೂ ಶುಭ ಹಾರೈಕೆಗಳು. ಚೆನ್ನಾಗಿ ಆಡಿ ಬನ್ನಿ, ಹೇಳಿ ಹೋಗಿ.